ಹಳೆಯ ಸ್ಥಳೀಯ ಪತ್ರಿಕೆಗಳ ಮದುವೆ ಪ್ರಕಟಣೆಗಳಲ್ಲಿ ವಂಶದ ಜಾಡು

ವಂಶಾವಳಿಯನ್ನು ಹಿಂದಕ್ಕೆ ಬೆಳೆಸುತ್ತ ಹೋದವರೆಲ್ಲ ಒಂದಲ್ಲ ಒಂದು ತಲೆಮಾರಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರಿನ ಮುಂದೆ ಬಂದು ನಿಲ್ಲುತ್ತಾರೆ. ಆಕೆಯ ಗಂಡನ ಹೆಸರು ಗೊತ್ತಿರುತ್ತದೆ, ಮಕ್ಕಳ ಹೆಸರು ಗೊತ್ತಿರುತ್ತದೆ, ಸಮಾಧಿಯ ಕಲ್ಲಿನ ಮೇಲೆ ವಯಸ್ಸೂ ಕೆತ್ತಿರುತ್ತದೆ. ಆಕೆ ಯಾವ ಮನೆಯಲ್ಲಿ ಹುಟ್ಟಿದವಳು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಮದುವೆಯ ನಂತರ ಹೆಂಡತಿ ಗಂಡನ ಕುಲನಾಮವನ್ನೇ ಬಳಸುವ ಪದ್ಧತಿಯಿದ್ದ ಕಡೆಗಳಲ್ಲಿ ಜನಗಣತಿ, ತೆರಿಗೆ ಪಟ್ಟಿ, ಆಸ್ತಿಪತ್ರಗಳೆಲ್ಲ ಆಕೆಯನ್ನು ಗಂಡನ ಹೆಸರಿನಡಿಯಲ್ಲೇ ಗುರುತಿಸುವುದರಿಂದ, ತವರಿನ ಕಡೆಯ ಇಡೀ ಕೊಂಬೆಯೇ ವಂಶವೃಕ್ಷದಿಂದ ಕಡಿದುಹೋಗುತ್ತದೆ. ಆಕೆಯ ಹುಟ್ಟುಹೆಸರು ಮತ್ತು ಗಂಡನ ಹೆಸರು ಒಂದೇ ವಾಕ್ಯದಲ್ಲಿ ಅಚ್ಚಾಗಿ ಉಳಿದಿರುವ ಕೆಲವೇ ಜಾಗಗಳಲ್ಲಿ ಹಳೆಯ ಪತ್ರಿಕೆಯ ಮದುವೆ ಪ್ರಕಟಣೆಯೂ ಒಂದು.

ಆದ್ದರಿಂದ ಈ ಪ್ರಕಟಣೆಯನ್ನು ಮದುವೆಯ ತಾರೀಖು ತಿಳಿಯಲು ಮಾತ್ರ ಬಳಸಿ ಬದಿಗಿಡುವುದು ದೊಡ್ಡ ನಷ್ಟ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ತಾರೀಖು ಬೇರೆ ಕಡೆಯೂ ಸಿಗುತ್ತದೆ. ಹುಡುಗಿಯ ತಂದೆ ಯಾರು, ಅವನ ಕಸುಬೇನು, ಅವನು ಬದುಕಿದ್ದನೇ, ಅವನಿಗೆ ಎಷ್ಟು ಹೆಣ್ಣುಮಕ್ಕಳು, ಮದುವೆ ನಡೆಸಿಕೊಟ್ಟವರು ಯಾರು, ಸುದ್ದಿ ಯಾವ ದೂರದೇಶದ ಬಂಧುಗಳಿಗೆ ಮುಟ್ಟಬೇಕಾಗಿತ್ತು ಎಂಬುದೆಲ್ಲ ಮೂರು ನಾಲ್ಕು ಸಾಲುಗಳಲ್ಲಿ ಅಡಕವಾಗಿರುತ್ತದೆ. ಹುಡುಕಾಟವನ್ನು ವರನ ಕಡೆಯಿಂದಲ್ಲ, ವಧುವಿನ ಕಡೆಯಿಂದ ಆರಂಭಿಸಬೇಕು ಎನ್ನುವುದಕ್ಕೂ ಇದೇ ಕಾರಣ.

ರಿಜಿಸ್ಟರಿನಲ್ಲಿ ಇಲ್ಲದ್ದು ಪತ್ರಿಕೆಯಲ್ಲಿ

ಚರ್ಚಿನ ಅಥವಾ ಸರ್ಕಾರದ ವಿವಾಹ ರಿಜಿಸ್ಟರು ಇರುವಾಗ ಪತ್ರಿಕೆಯ ಹಂಗೇಕೆ ಎಂದು ಕೆಲವರು ಕೇಳುತ್ತಾರೆ. ಇಂಗ್ಲೆಂಡಿನ ಉದಾಹರಣೆಯೊಂದೇ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಹಾರ್ಡ್‌ವಿಕ್ ವಿವಾಹ ಕಾಯ್ದೆ 1754ರ ಮಾರ್ಚ್ 25ರಿಂದ ಜಾರಿಗೆ ಬಂದ ಮೇಲೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ರಿಜಿಸ್ಟರಿನಲ್ಲಿ ವಧೂವರರ ಹೆಸರು, ಅವರ ಪ್ಯಾರಿಷ್, ಮದುವೆ ನಡೆದದ್ದು ಚರ್ಚಿನಲ್ಲಿ ಮೂರು ಬಾರಿ ಸಾರಿದ ನಂತರವೋ ಲೈಸೆನ್ಸಿನ ಮೇಲೋ ಎಂಬ ವಿವರ, ಇಬ್ಬರ ಸಹಿ ಮತ್ತು ಸಾಕ್ಷಿಗಳ ಸಹಿ ಇರುತ್ತಿತ್ತು. ತಂದೆಯ ಹೆಸರನ್ನು ಬರೆಯುವ ಜಾಗವೇ ಇರಲಿಲ್ಲ. ನಾಗರಿಕ ನೋಂದಣಿ ಆರಂಭವಾದ 1837ರ ಜುಲೈ 1ರಿಂದ ಮಾತ್ರ ಇಬ್ಬರ ತಂದೆಯರ ಹೆಸರೂ ಕಸುಬೂ ದಾಖಲಾಗತೊಡಗಿದವು. ತಾಯಿಯ ಹೆಸರು ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿವಾಹ ದಾಖಲೆಗೆ ಸೇರಿದ್ದು 2021ರ ಮೇ 4ರಿಂದ. ಸ್ಕಾಟ್ಲೆಂಡಿನಲ್ಲಾದರೋ 1855ರಲ್ಲಿ ನೋಂದಣಿ ಆರಂಭವಾದಾಗಲೇ ತಂದೆತಾಯಿ ಇಬ್ಬರ ಹೆಸರನ್ನೂ, ತಾಯಿಯ ತವರಿನ ಕುಲನಾಮದ ಸಮೇತ, ಬರೆದುಕೊಳ್ಳುತ್ತಿದ್ದರು. ಹೀಗಾಗಿ 1754 ಮತ್ತು 1837ರ ನಡುವೆ ಇಂಗ್ಲೆಂಡಿನಲ್ಲಿ ಮದುವೆಯಾದ ಒಬ್ಬಾಕೆಯ ತಂದೆ ಯಾರೆಂದು ತಿಳಿಯಬೇಕಾದರೆ, ‘ಇಂಥ ಊರಿನ ಇಂಥ ದಿನಸಿ ವ್ಯಾಪಾರಿಯ ಎರಡನೆಯ ಮಗಳು’ ಎಂದು ಹೇಳುವ ಪತ್ರಿಕೆಯ ಸಾಲು ಸ್ವತಃ ರಿಜಿಸ್ಟರಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಮೂಲ ದಾಖಲೆಯೇ ನಾಶವಾಗಿರುವ ಕಡೆ ಇದರ ಬೆಲೆ ಇನ್ನೂ ಹೆಚ್ಚು. ಐರ್ಲೆಂಡಿನ ಅಂತರ್ಯುದ್ಧದ ಆರಂಭದಲ್ಲಿ, 1922ರ ಜೂನ್ ಕೊನೆಯಲ್ಲಿ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋದಾಗ ಚರ್ಚ್ ಆಫ್ ಐರ್ಲೆಂಡಿನ ನೂರಾರು ಪ್ಯಾರಿಷ್‌ಗಳ ರಿಜಿಸ್ಟರುಗಳೂ ಮದುವೆ ಲೈಸೆನ್ಸಿನ ಮುಚ್ಚಳಿಕೆಗಳೂ ಬೂದಿಯಾದವು. ಅಲ್ಲಿನ ಎಷ್ಟೋ ಕುಟುಂಬಗಳಿಗೆ ಊರಿನ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲೇ ಉಳಿದಿರುವ ಏಕೈಕ ಸಮಕಾಲೀನ ಪುರಾವೆ.

ಹುಡುಕುವ ಮುನ್ನ, ಯಾರ ಮದುವೆಗಳು ಅಚ್ಚಾಗುತ್ತಿದ್ದವು ಎಂಬುದನ್ನೂ ತಿಳಿದಿರಬೇಕು. ಬ್ರಿಟನ್ನಿನಲ್ಲಿ ಪತ್ರಿಕೆಗಳ ಮೇಲೆ ಮುದ್ರಾಂಕ ತೆರಿಗೆ, ಜಾಹೀರಾತಿನ ಮೇಲೆ ಪ್ರತ್ಯೇಕ ಸುಂಕ ಇದ್ದ ಕಾಲದಲ್ಲಿ ಪತ್ರಿಕೆ ದುಬಾರಿಯಾಗಿತ್ತು. ಜಮೀನುದಾರರು, ಪಾದ್ರಿಗಳು, ಸೈನ್ಯಾಧಿಕಾರಿಗಳು, ಅನುಕೂಲಸ್ಥ ವ್ಯಾಪಾರಿಗಳು ಮತ್ತು ದೊಡ್ಡ ರೈತರ ಮನೆಯ ಮದುವೆಗಳೇ ಆಗ ಹೆಚ್ಚಾಗಿ ಕಾಣುತ್ತವೆ. ಜಾಹೀರಾತು ಸುಂಕ 1853ರಲ್ಲಿ, ಮುದ್ರಾಂಕ ತೆರಿಗೆ 1855ರಲ್ಲಿ ರದ್ದಾದ ಮೇಲೆ ಚಿಕ್ಕ ಚಿಕ್ಕ ಪಟ್ಟಣಗಳಲ್ಲೂ ಅಗ್ಗದ ಪತ್ರಿಕೆಗಳು ಹುಟ್ಟಿಕೊಂಡು, ಕುಶಲಕರ್ಮಿಗಳ ಮತ್ತು ಗುಮಾಸ್ತರ ಮನೆಯ ಮದುವೆಗಳೂ ಅಂಕಣ ಸೇರಿದವು. ಆದ್ದರಿಂದ 1800ರ ಸುಮಾರಿನ ಕೂಲಿಕಾರನೊಬ್ಬನ ಮದುವೆ ಸಿಗದಿದ್ದರೆ ಮದುವೆಯೇ ಆಗಿರಲಿಲ್ಲವೆಂದು ತೀರ್ಮಾನಿಸಬಾರದು.

ಎಲ್ಲಿ ಹುಡುಕಬೇಕು

ಇಂದು ಬಹಳಷ್ಟು ಹಳೆಯ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಡಲಾಗಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಪೇಪರ್ಸ್ ಪಾಸ್ಟ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾ, ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್, ನೆದರ್ಲೆಂಡಿನ ಡೆಲ್ಫರ್, ಆಸ್ಟ್ರಿಯಾ ರಾಷ್ಟ್ರೀಯ ಗ್ರಂಥಾಲಯದ ಆನೊ, ಫ್ರಾನ್ಸಿನ ಗ್ಯಾಲಿಕಾ, ಇವೆಲ್ಲ ಉಚಿತ. ಬ್ರಿಟಿಷ್ ಲೈಬ್ರರಿಯ ಸಂಗ್ರಹವನ್ನು ಆಧರಿಸಿ 2011ರಲ್ಲಿ ಆರಂಭವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವುದಕ್ಕೆ ಹಣ ಕೊಡಬೇಕಿಲ್ಲ, ಹೆಚ್ಚಿನ ಪುಟಗಳನ್ನು ತೆರೆದು ಓದುವುದಕ್ಕೆ ಚಂದಾ ಬೇಕು. ಟ್ರೋವ್, ಡೆಲ್ಫರ್ ಮತ್ತು ಬ್ರಿಟಿಷ್ ಆರ್ಕೈವ್ ಮೂರರಲ್ಲೂ ‘ಕೌಟುಂಬಿಕ ಪ್ರಕಟಣೆ’ಗಳನ್ನು ಬೇರೆ ವರ್ಗವಾಗಿ ಸೋಸುವ ಅನುಕೂಲವಿದೆ, ಸಾಮಾನ್ಯವಾದ ಕುಲನಾಮವನ್ನು ಹುಡುಕುವಾಗ ಮೊದಲು ಇದನ್ನೇ ಆರಿಸಿಕೊಳ್ಳಬೇಕು.

ಈಸ್ಟ್ ಇಂಡಿಯಾ ಕಂಪನಿಯ ಮತ್ತು ನಂತರದ ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಭಾರತದಲ್ಲಿ ನಡೆದ ಯುರೋಪಿಯನ್ನರ ಮದುವೆಗಳು ಪ್ರೆಸಿಡೆನ್ಸಿ ನಗರಗಳ ಪತ್ರಿಕೆಗಳಲ್ಲಿಯೂ, 1816ರಿಂದ 1845ರವರೆಗೆ ಲಂಡನ್ನಿನಿಂದ ಹೊರಡುತ್ತಿದ್ದ ಏಷಿಯಾಟಿಕ್ ಜರ್ನಲ್‌ನಲ್ಲಿಯೂ ಸಿಗುತ್ತವೆ. ಅವುಗಳನ್ನು ತಾಳೆ ನೋಡಲು ಬೇಕಾದ ಚರ್ಚಿನ ವರದಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ‘ಎನ್’ ಸರಣಿಯಲ್ಲಿ ಬಂಗಾಳ, ಮದ್ರಾಸು, ಮುಂಬಯಿ ಎಂದು ಬೇರೆಬೇರೆಯಾಗಿವೆ.

ಅಂತರ್ಜಾಲದಲ್ಲಿ ಇಲ್ಲದ ಊರ ಪತ್ರಿಕೆಗಳು ಆಯಾ ಪ್ರದೇಶದ ಗ್ರಂಥಾಲಯ ಅಥವಾ ಪತ್ರಾಗಾರದಲ್ಲಿ ಮೈಕ್ರೋಫಿಲ್ಮ್ ಆಗಿಯೋ ಬೈಂಡ್ ಮಾಡಿದ ಸಂಪುಟಗಳಾಗಿಯೋ ಇರುತ್ತವೆ. ಅನೇಕ ಕಡೆ ಸ್ಥಳೀಯ ವಂಶಾವಳಿ ಸಂಘದ ಸ್ವಯಂಸೇವಕರು ಈ ಅಂಕಣಗಳಿಗೆ ಕೈಯಿಂದಲೇ ಸೂಚಿ ಸಿದ್ಧಪಡಿಸಿಟ್ಟಿರುತ್ತಾರೆ. ಕಣ್ಣಿನಿಂದ ಓದಿ ಮಾಡಿದ ಇಂಥ ಸೂಚಿಯನ್ನು ಯಂತ್ರದ ಹುಡುಕಾಟಕ್ಕಿಂತ ಹೆಚ್ಚು ನಂಬಬಹುದಾದ್ದರಿಂದ ಅಲ್ಲಿನ ಗ್ರಂಥಪಾಲಕರನ್ನು ಕೇಳದೆ ಬರಬಾರದು.

ಯಾವ ಪತ್ರಿಕೆ ಎಂಬುದು ಮುಂದಿನ ಪ್ರಶ್ನೆ. ಮದುವೆ ಸಾಮಾನ್ಯವಾಗಿ ವಧುವಿನ ಪ್ಯಾರಿಷ್‌ನಲ್ಲಿ ನಡೆಯುತ್ತಿದ್ದುದರಿಂದ ಆಕೆಯ ಊರಿಗೆ ಹತ್ತಿರದ ಪತ್ರಿಕೆಯನ್ನು ಮೊದಲು ನೋಡಬೇಕು. ಆಮೇಲೆ ವರನ ಹುಟ್ಟೂರು, ಆಮೇಲೆ ಅವನು ಕೆಲಸ ಮಾಡುತ್ತಿದ್ದ ಊರು. ವಧುವಿನ ಊರು ಗೊತ್ತಿಲ್ಲದಿದ್ದರೆ, ಮೊದಲ ಮಗುವಿನ ಜನನ ಪ್ರಕಟಣೆಯನ್ನು ಹುಡುಕುವುದು ಒಳ್ಳೆಯ ದಾರಿ. ಬಾಣಂತನಕ್ಕೆ ತವರಿಗೆ ಹೋದವರ ಹೆರಿಗೆಯ ಸುದ್ದಿ ‘ತಾಯಿಯ ತಂದೆಯ ಮನೆಯಲ್ಲಿ’ ಎಂಬ ವಿವರದೊಂದಿಗೆ ಅಚ್ಚಾಗಿರುವುದುಂಟು.

ಯಂತ್ರ ತಪ್ಪಾಗಿ ಓದುವುದನ್ನು ಲೆಕ್ಕಕ್ಕೆ ಹಿಡಿದು ಹುಡುಕುವುದು

ಹೆಸರು ಟೈಪ್ ಮಾಡಿ, ಫಲಿತಾಂಶ ಬರಲಿಲ್ಲವೆಂದು ಕೈಬಿಡುವವರೇ ಹೆಚ್ಚು. ನಾವು ಹುಡುಕುತ್ತಿರುವುದು ಪುಟವನ್ನಲ್ಲ, ಆ ಪುಟವನ್ನು ತಂತ್ರಾಂಶವೊಂದು ಓದಿ ಬರೆದಿಟ್ಟ ಪಠ್ಯವನ್ನು ಎಂಬುದನ್ನು ಸದಾ ನೆನಪಿನಲ್ಲಿಡಬೇಕು. ಮಾಸಿದ ಮಸಿ, ಸವೆದ ಅಚ್ಚುಮೊಳೆ, ಬೈಂಡಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಸಾಲುಗಳಿಂದಾಗಿ ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳು ಒತ್ತಾಗಿ ಬಂದಾಗ ಅದು ಎಮ್ ಎಂದು ಓದಿಕೊಳ್ಳುತ್ತದೆ. ಸಿ ಮತ್ತು ಇ, ಯು ಮತ್ತು ಎನ್, ಎಚ್ ಮತ್ತು ಬಿ ಅದಲುಬದಲಾಗುತ್ತವೆ. ಸುಮಾರು 1800ಕ್ಕೆ ಮುಂಚಿನ ಅಚ್ಚಿನಲ್ಲಿ ಎಸ್ ಅಕ್ಷರದ ಉದ್ದನೆಯ ರೂಪ ಬಳಕೆಯಲ್ಲಿದ್ದುದರಿಂದ ತಂತ್ರಾಂಶ ಅದನ್ನು ಎಫ್ ಎಂದು ತಿಳಿಯುತ್ತದೆ, ‘ಮಿಸ್’ ಎಂಬುದು ‘ಮಿಫ್ಸ್’ ಆಗುತ್ತದೆ. ನಿಮ್ಮ ಕುಲನಾಮದಲ್ಲಿ ಎಸ್ ಇದ್ದರೆ ಎಫ್ ಹಾಕಿಯೂ ಹುಡುಕಿ. ಸಾಲಿನ ಕೊನೆಯಲ್ಲಿ ಒಡೆದ ಹೆಸರು ಎರಡು ತುಂಡಾಗಿ ದಾಖಲಾಗಿರುತ್ತದೆಯಾದ್ದರಿಂದ ಅರ್ಧ ಹೆಸರನ್ನೂ ಪ್ರಯತ್ನಿಸಬೇಕು. ವಿಲಿಯಂ, ಜೇಮ್ಸ್, ಜಾರ್ಜ್, ಚಾರ್ಲ್ಸ್ ಮುಂತಾದ ಹೆಸರುಗಳನ್ನು ಜಾಗ ಉಳಿಸಲೆಂದು ಎರಡು ಮೂರು ಅಕ್ಷರಗಳಿಗೆ ಮೊಟಕುಗೊಳಿಸುತ್ತಿದ್ದರು; ಪೂರ್ತಿ ಹೆಸರಿನಲ್ಲಿ ಹುಡುಕಿದರೆ ಅವು ಸಿಗುವುದೇ ಇಲ್ಲ.

ಇದಕ್ಕಿಂತ ಫಲಕಾರಿಯಾದ ಉಪಾಯವೆಂದರೆ ದಂಪತಿಯ ಹೆಸರನ್ನೇ ಬಿಟ್ಟು ಸುತ್ತಲಿನ ಪದಗಳನ್ನು ಹಿಡಿಯುವುದು: ವಧುವಿನ ಕುಲನಾಮದ ಜೊತೆ ಊರಿನ ಹೆಸರು, ಅಥವಾ ವರನ ಕುಲನಾಮದ ಜೊತೆ ‘ಮಗಳು’ ಎಂಬರ್ಥದ ಪದ, ಅಥವಾ ಪಾದ್ರಿಯ ಹೆಸರಿನ ಜೊತೆ ವರ್ಷ. ಇದೂ ಫಲಿಸದಿದ್ದರೆ ಹಳೆಯ ರೀತಿಯಲ್ಲೇ ಮದುವೆಯ ಅಂದಾಜು ತಾರೀಖಿನಿಂದ ಮುಂದಿನ ಆರೆಂಟು ವಾರಗಳ ಸಂಚಿಕೆಗಳನ್ನು ತೆರೆದು, ಜನನ-ವಿವಾಹ-ಮರಣಗಳ ಅಂಕಣವನ್ನು ಕಣ್ಣಿನಿಂದ ಓದಬೇಕು. ಆ ಅಂಕಣ ಸಾಧಾರಣವಾಗಿ ಒಂದು ಪತ್ರಿಕೆಯಲ್ಲಿ ವರ್ಷಗಟ್ಟಲೆ ಒಂದೇ ಪುಟದಲ್ಲಿ ಇರುತ್ತಿದ್ದುದರಿಂದ ಕೆಲಸ ಅಂದುಕೊಂಡಷ್ಟು ನಿಧಾನವಲ್ಲ. ಸಮುದ್ರದಾಚೆ ನಡೆದ ಮದುವೆಯಾದರೆ ಕಾಲದ ಅಂತರವನ್ನು ಹಿಗ್ಗಿಸಿಕೊಳ್ಳಬೇಕು. ಹಾಯಿಹಡಗಿನ ಕಾಲದಲ್ಲಿ ಆಸ್ಟ್ರೇಲಿಯಾದ ಮದುವೆಯೊಂದು ಬ್ರಿಟನ್ನಿನ ಊರ ಪತ್ರಿಕೆಯಲ್ಲಿ ಕಾಣಿಸಿಕೊಳ್ಳಲು ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು.

ಸಾಲುಸಾಲಾಗಿ ಓದುವುದು

ಸಿಕ್ಕಿದ ಪ್ರಕಟಣೆಯನ್ನು ಹೇಗೆ ಓದಬೇಕು ಎಂಬುದೇ ಈ ಕೆಲಸದ ತಿರುಳು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪತ್ರಿಕೆಯ ಮಾದರಿಯಲ್ಲಿ, ಹೆಸರುಗಳನ್ನು ಬಿಟ್ಟು, ಒಂದನ್ನು ಇಲ್ಲಿ ಕಟ್ಟಿಕೊಡುತ್ತೇನೆ: ‘ಕಳೆದ ತಿಂಗಳ 28ರಂದು, ಇಲ್ಲಿನ ಪ್ಯಾರಿಷ್ ಚರ್ಚಿನಲ್ಲಿ, ವಧುವಿನ ಅಂಕಲ್ ರೆವರೆಂಡ್ ಇಂಥವರ ನೇತೃತ್ವದಲ್ಲಿ, ಈ ಪಟ್ಟಣದ ಬಟ್ಟೆ ವ್ಯಾಪಾರಿ ಇಂಥವರಿಗೂ ದಿವಂಗತ ಗಿರಣಿ ಮಾಲೀಕ ಇಂಥವರ, ಬದುಕಿರುವ ಹೆಣ್ಣುಮಕ್ಕಳಲ್ಲಿ ಎರಡನೆಯವಳಾದ ಇಂಥವಳಿಗೂ ವಿವಾಹವಾಯಿತು. ಅಮೆರಿಕದ ಪತ್ರಿಕೆಗಳು ದಯಮಾಡಿ ಪ್ರಕಟಿಸಿಕೊಳ್ಳಲಿ.’

ತಾರೀಖಿನಿಂದ ಆರಂಭಿಸೋಣ. ಹಳೆಯ ಪತ್ರಿಕೆಗಳು ತಿಂಗಳ ಹೆಸರಿನ ಬದಲು, ಈ ತಿಂಗಳಾದರೆ ‘ಇನ್‌ಸ್ಟ್’, ಕಳೆದ ತಿಂಗಳಾದರೆ ‘ಅಲ್ಟ್’ ಎಂಬ ಸಂಕ್ಷೇಪವನ್ನು ಬಳಸುತ್ತಿದ್ದವು. ಮಾರ್ಚ್ 3ರ ಸಂಚಿಕೆಯಲ್ಲಿ 28 ‘ಅಲ್ಟ್’ ಎಂದಿದ್ದರೆ ಅದು ಫೆಬ್ರವರಿ 28. ಆದರೆ ಆ ಪ್ರಕಟಣೆಯನ್ನು ಬೇರೊಂದು ಪತ್ರಿಕೆಯಿಂದ ಎತ್ತಿ ಹಾಕಿಕೊಂಡಿದ್ದರೆ, ಸಂಕ್ಷೇಪವನ್ನು ತಿದ್ದದೆ ಹಾಗೆಯೇ ಉಳಿಸಿರುವ ಸಾಧ್ಯತೆ ಇದೆ. ಆಗ ಲೆಕ್ಕ ಒಂದು ತಿಂಗಳು ತಪ್ಪುತ್ತದೆ. ‘ಅದೇ ದಿನ’, ‘ಅದೇ ಸ್ಥಳದಲ್ಲಿ’ ಎಂದು ಆರಂಭವಾಗುವ ಪ್ರಕಟಣೆಯ ತಾರೀಖು ಅದರ ಮೇಲಿನ ಪ್ರಕಟಣೆಯಲ್ಲಿ ಇರುತ್ತದೆ. ಈ ಕಾರಣಕ್ಕೆ ಬೇಕಾದ ನಾಲ್ಕು ಸಾಲನ್ನಷ್ಟೇ ಕತ್ತರಿಸಿಕೊಳ್ಳದೆ ಇಡೀ ಅಂಕಣವನ್ನು, ಸಾಧ್ಯವಾದರೆ ಇಡೀ ಪುಟವನ್ನು ಉಳಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಕಾನೂನಿನ ಪ್ರಕಾರ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, ಆ ಕಾಲದ ಜನವರಿ, ಫೆಬ್ರವರಿ ತಾರೀಖುಗಳ ಇಸವಿಯನ್ನು ಎರಡೆರಡು ಬಾರಿ ಪರಿಶೀಲಿಸಬೇಕು.

‘ವಧುವಿನ ಅಂಕಲ್’ ಎಂಬಷ್ಟರಿಂದ ಆತ ಚಿಕ್ಕಪ್ಪನೋ ದೊಡ್ಡಪ್ಪನೋ ಸೋದರಮಾವನೋ ಅತ್ತೆಯ ಗಂಡನೋ ತಿಳಿಯುವುದಿಲ್ಲ. ಕುಲನಾಮವನ್ನು ಹೋಲಿಸಿ ನೋಡಿ. ವಧುವಿನದೇ ಕುಲನಾಮವಾದರೆ ಆತ ತಂದೆಯ ಅಣ್ಣನೋ ತಮ್ಮನೋ ಆಗಿರುವ ಸಂಭವ ಹೆಚ್ಚು. ಬೇರೆಯಾಗಿದ್ದರೆ ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾಗಿರಬಹುದು, ಅಂದರೆ ವಧುವಿನ ತಾಯಿಯ ತವರಿನ ಹೆಸರೇ ಅಲ್ಲಿ ಕುಳಿತಿರಬಹುದು. ಒಂದೇ ಪ್ರಕಟಣೆ ಹೀಗೆ ಎರಡು ತಲೆಮಾರು ಹಿಂದಕ್ಕೆ ಬಾಗಿಲು ತೆರೆಯುತ್ತದೆ. ಪಾದ್ರಿಗಳ ಬಗ್ಗೆ ವಿಶ್ವವಿದ್ಯಾಲಯದ ದಾಖಲೆಗಳೂ ಪಾದ್ರಿಗಳ ವಾರ್ಷಿಕ ಕೈಪಿಡಿಗಳೂ ಇರುವುದರಿಂದ ಆತನ ತಂದೆ, ಹುಟ್ಟೂರು ತಿಳಿಯುವುದು ಸಾಮಾನ್ಯ ಜನರ ವಿಷಯದಲ್ಲಿ ತಿಳಿಯುವುದಕ್ಕಿಂತ ಸುಲಭ. ಸಂಬಂಧವಿಲ್ಲದ ಪಾದ್ರಿಯಾದರೂ ಆತ ಯಾವ ಪಂಗಡದವನು ಎಂಬುದರಿಂದ ಯಾವ ಚರ್ಚಿನ ರಿಜಿಸ್ಟರನ್ನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ.

ತಂದೆಯ ಹೆಸರಿನ ಹಿಂದೆ ‘ಲೇಟ್’ ಎಂದಿದ್ದರೆ ಆತ ಮದುವೆಯ ಹೊತ್ತಿಗೆ ತೀರಿಕೊಂಡಿದ್ದ; ಆತನ ಉಯಿಲನ್ನು ಅದಕ್ಕೂ ಹಿಂದಿನ ವರ್ಷಗಳಲ್ಲಿ ಹುಡುಕಬೇಕು. ಆದರೆ ಹೆಸರಿನ ನಂತರ ‘ಲೇಟ್ ಆಫ್’ ಎಂದು ಒಂದು ಊರಿನ ಹೆಸರು ಬಂದಿದ್ದರೆ, ಹಿಂದೆ ಆ ಊರಿನಲ್ಲಿದ್ದವರು ಎಂದಷ್ಟೇ ಅರ್ಥ. ಈ ಎರಡನ್ನು ಬೆರೆಸಿ, ಬದುಕಿದ್ದವರನ್ನು ಸತ್ತವರ ಪಟ್ಟಿಗೆ ಸೇರಿಸಿರುವ ವಂಶವೃಕ್ಷಗಳು ಹಲವಿವೆ. ‘ಬದುಕಿರುವ ಹೆಣ್ಣುಮಕ್ಕಳಲ್ಲಿ ಎರಡನೆಯವಳು’ ಎಂದರೆ ಒಬ್ಬ ಅಕ್ಕ ಬದುಕಿದ್ದಾಳೆ, ಹೆಣ್ಣುಮಗುವೊಂದು ತೀರಿಕೊಂಡಿರಬಹುದು. ದೀಕ್ಷಾಸ್ನಾನದ ದಾಖಲೆಗಳಲ್ಲಿ ಅವರೆಲ್ಲರೂ ಸಿಗಬೇಕು. ಸಿಗದಿದ್ದರೆ ನೀವು ಹಿಡಿದಿರುವುದು ಅದೇ ಹೆಸರಿನ ಬೇರೆ ಕುಟುಂಬವೂ ಇರಬಹುದು. ವಧುವಿನ ಹೆಸರಿನ ಹಿಂದೆ ‘ಮಿಸೆಸ್’ ಎಂದೋ ‘ರೆಲಿಕ್ಟ್’ ಎಂದೋ ಇದ್ದರೆ ಆಕೆ ಸಾಮಾನ್ಯವಾಗಿ ವಿಧವೆ, ಆಗ ಅಲ್ಲಿ ಕೊಟ್ಟಿರುವ ಕುಲನಾಮ ಹಿಂದಿನ ಗಂಡನದು, ತವರಿನದಲ್ಲ.

ಕೊನೆಯ ಸಾಲನ್ನು ಓದದೆ ಬಿಡುವವರು ಬಹಳ. ಅಮೆರಿಕದ, ಕೆನಡಾದ ಅಥವಾ ಆಸ್ಟ್ರೇಲಿಯಾದ ಪತ್ರಿಕೆಗಳು ಪ್ರಕಟಿಸಿಕೊಳ್ಳಲಿ ಎಂಬ ಕೋರಿಕೆ ಕಂಡರೆ, ಆ ಹೊತ್ತಿಗಾಗಲೇ ಕುಟುಂಬದ ಒಂದು ಕವಲು ಅಲ್ಲಿಗೆ ವಲಸೆ ಹೋಗಿತ್ತು ಎಂಬುದಕ್ಕೆ ಬಲವಾದ ಸುಳಿವು ಸಿಕ್ಕಂತಾಯಿತು. ಕಾಣೆಯಾದ ಅಣ್ಣತಮ್ಮಂದಿರನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ದಾರಿತೋರಕ ಕಡಿಮೆ.

ಚುಟುಕು ಪ್ರಕಟಣೆ ಸಿಕ್ಕ ಮೇಲೆ ಅದೇ ಪತ್ರಿಕೆಯ ಒಳಪುಟಗಳಲ್ಲಿ ಮದುವೆಯ ವರದಿ ಬಂದಿದೆಯೇ ಎಂದು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮುಂದೆ ಊರ ಪತ್ರಿಕೆಗಳು ಉಡುಗೊರೆ ಕೊಟ್ಟವರ ಉದ್ದನೆಯ ಪಟ್ಟಿಯನ್ನು ಸಂಬಂಧದ ಸಮೇತ ಅಚ್ಚುಹಾಕುತ್ತಿದ್ದವು, ವಧುವಿನ ಗೆಳತಿಯರಾಗಿ ನಿಂತ ತಂಗಿಯರು, ನಾದಿನಿಯರು, ಸೋದರಸಂಬಂಧಿಗಳ ಹೆಸರು ಹೇಳುತ್ತಿದ್ದವು. ಮದುವೆಯಾಗಿ 25 ಮತ್ತು 50 ವರ್ಷಗಳಾದ ದಿನದ ಆಸುಪಾಸಿನ ಸಂಚಿಕೆಗಳನ್ನೂ ತಪ್ಪದೆ ನೋಡಿ. ಬೆಳ್ಳಿಹಬ್ಬ, ಚಿನ್ನದ ಹಬ್ಬದ ಪ್ರಕಟಣೆಯಲ್ಲಿ ಮೂಲ ಮದುವೆಯ ತಾರೀಖು, ಚರ್ಚು ಮತ್ತು ಪಾದ್ರಿಯ ಹೆಸರನ್ನು ಮತ್ತೆ ಕೊಡುವುದು ವಾಡಿಕೆಯಾಗಿತ್ತು, ಆ ಮದುವೆ ನಡೆದದ್ದು ಬೇರೆ ದೇಶದಲ್ಲಾದರೂ ಸಹ.

ತಾಳೆ ನೋಡುವುದು, ಬರೆದಿಡುವುದು

ಪತ್ರಿಕೆಯ ಪ್ರಕಟಣೆ ಸುಳಿವೇ ಹೊರತು ಅಂತಿಮ ಪುರಾವೆಯಲ್ಲ. ಸುದ್ದಿ ಕಳಿಸಿದವರ ಅಕ್ಷರವನ್ನು ಅಚ್ಚುಮೊಳೆ ಜೋಡಿಸುವವನು ತಪ್ಪಾಗಿ ಓದಿರಬಹುದು. ಕುಚೋದ್ಯಕ್ಕಾಗಿ ಸುಳ್ಳು ಮದುವೆಯ ಸುದ್ದಿ ಕಳಿಸುವವರೂ ಇದ್ದುದರಿಂದಲೇ ಅನೇಕ ಪತ್ರಿಕೆಗಳು ಕಳಿಸಿದವರ ಹೆಸರು, ವಿಳಾಸ ಇಲ್ಲದ ಪ್ರಕಟಣೆಯನ್ನು ಸ್ವೀಕರಿಸುವುದಿಲ್ಲವೆಂದು ಅಂಕಣದ ತಲೆಯಲ್ಲೇ ಸೂಚನೆ ಹಾಕುತ್ತಿದ್ದವು. ಸಂಶಯವಿದ್ದಲ್ಲಿ ಮುಂದಿನ ಎರಡು ಮೂರು ಸಂಚಿಕೆಗಳಲ್ಲಿ ತಿದ್ದುಪಡಿಯೋ ನಿರಾಕರಣೆಯೋ ಬಂದಿದೆಯೇ ನೋಡಬೇಕು. ಆಮೇಲೆ ರಿಜಿಸ್ಟರಿನ ಮೂಲ ನಮೂದನ್ನು ತರಿಸಿ, ಸಾಕ್ಷಿಗಳ ಹೆಸರು ವಧುವಿನ ಒಡಹುಟ್ಟಿದವರ ಹೆಸರಿಗೆ ಹೊಂದುತ್ತದೆಯೇ ಎಂದು ಪರಿಶೀಲಿಸಬೇಕು. ಲೈಸೆನ್ಸಿನ ಮೇಲೆ ಆದ ಮದುವೆಯಾದರೆ ಅದಕ್ಕಾಗಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ವಯಸ್ಸು ಸಿಗಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಮರ್ಥನೆ ತಂದೆಯ ಉಯಿಲು: ‘ನನ್ನ ಮಗಳು, ಇಂಥವನ ಹೆಂಡತಿ’ ಎಂದು ಅವನೇ ಬರೆಸಿದ್ದರೆ ಪತ್ರಿಕೆಯ ಮಾತಿಗೆ ಸ್ವತಂತ್ರವಾದ ಎರಡನೆಯ ಸಾಕ್ಷಿ ಸಿಕ್ಕಿದಂತೆ. ಎರಡು ಪತ್ರಿಕೆಗಳಲ್ಲಿ ಒಂದೇ ಮಾತು ಬಂದಿದೆಯೆಂಬುದು ಎರಡು ಸಾಕ್ಷಿಯಲ್ಲ. ಒಂದು ಇನ್ನೊಂದರಿಂದ ನಕಲು ಮಾಡಿಕೊಂಡಿರುವುದೇ ಹೆಚ್ಚು.

ಸಿಕ್ಕಿದ್ದನ್ನು ಬರೆದಿಡುವಾಗ ಪತ್ರಿಕೆಯ ಹೆಸರು, ಅದು ಅಚ್ಚಾದ ಊರು, ಸಂಚಿಕೆಯ ತಾರೀಖು, ಪುಟ, ಅಂಕಣ, ಎಲ್ಲಿ ನೋಡಿದಿರಿ ಎಂಬ ವಿವರವನ್ನು ಕಡ್ಡಾಯವಾಗಿ ಸೇರಿಸಿ. ಪಠ್ಯವನ್ನು ಅಕ್ಷರಶಃ, ತಪ್ಪುಗಳನ್ನೂ ತಿದ್ದದೆ, ನಕಲು ಮಾಡಿ. ನಿಮ್ಮ ಊಹೆಯನ್ನು ಅದರ ಕೆಳಗೆ ಬೇರೆಯಾಗಿ ಬರೆಯಿರಿ. ಟ್ರೋವ್‌ನಂಥ ಕಡೆ ಯಂತ್ರ ತಪ್ಪಾಗಿ ಓದಿದ ಪಠ್ಯವನ್ನು ಓದುಗರೇ ತಿದ್ದಲು ಅವಕಾಶವಿದೆ. ನಿಮಗೆ ಬೇಕಾದ ಪ್ರಕಟಣೆಯನ್ನು ಸರಿಪಡಿಸಿದರೆ ಅದೇ ಕುಟುಂಬದ ಇನ್ನೊಂದು ಕವಲಿನವರಿಗೆ ಅದು ಮೊದಲ ಹುಡುಕಾಟದಲ್ಲೇ ಸಿಗುತ್ತದೆ.

ಸಿಗದೆ ಹೋದದ್ದನ್ನೂ ಹೀಗೆಯೇ ದಾಖಲಿಸಬೇಕು: ಯಾವ ಪತ್ರಿಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಹೆಸರಿನ ಯಾವ ಯಾವ ರೂಪದಲ್ಲಿ ಹುಡುಕಿದ್ದಾಯಿತು, ಯಾವ ಸಂಚಿಕೆಗಳು ಸಂಗ್ರಹದಲ್ಲೇ ಇರಲಿಲ್ಲ. ಅಂತರ್ಜಾಲದ ಸಂಗ್ರಹಗಳಿಗೆ ಹೊಸ ಪುಟಗಳು ಸೇರುತ್ತಲೇ ಇರುವುದರಿಂದ, ಹಿಂದೆ ಇಲ್ಲದಿದ್ದ ಸಂಚಿಕೆಗಳು ಬಂದಿವೆಯೇ ಎಂದು ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಹಿಡಿದು ನೋಡಿ, ಬಂದಿರುವವುಗಳಲ್ಲಿ ಮಾತ್ರ ಹುಡುಕಿದರೆ ಸಾಕಾಗುತ್ತದೆ.